ಯಾಣಕ್ಕೆ ಹೊರಟಿದ್ದೀರಾ? ಮೊದಲು ಸೊಕ್ಕು ಅಳೆದುಕೊಳ್ಳಿ

ಖಾನಾಪುರ ತಾಲ್ಲೂಕಿನ ಪಾರಿಶ್ವಾಡದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ವಯಸ್ಸು 52. ಒಕ್ಕಲುತನ, ಜೊತೆಗೊಂದು ಕಿರಾಣಿ ಅಂಗಡಿ. ಐದು ವರ್ಷಗಳಿಂದ ಬಿ.ಪಿ.ಗೆ ಗುಳಿಗೆ ನುಂಗುತ್ತಿದ್ದಾರೆ. ಪತ್ನಿಗೆ 47, ಸಕ್ಕರೆ ಕಾಯಿಲೆ ಇದೆ. ಮನೆಯಲ್ಲಿ 72ರ ತಾಯಿ, ಕಾಲೇಜಿಗೆ ಹೋಗುವ ಮಗ, ಎಂಟನೆಯ ತರಗತಿಯ ಮಗಳು. ದೀಪಾವಳಿ ರಜೆಯಲ್ಲಿ ಎಲ್ಲರೂ ಕೂಡಿ ಯಾಣದ ಬೆಟ್ಟಕ್ಕೆ ಹೋಗಿಬರುವ ಆಸೆ. "ನಸುಕಿನ್ಯಾಗ ಬಿಟ್ಟು ರಾತ್ರಿಗೆ ಮನಿ ಸೇರೋ ವಿಚಾರ ಅದ. ಏನೇನು ಕಾಳಜಿ ತಗೋಬೇಕು? ಅವ್ವನ್ನ ಕರಕೊಂಡು ಹೋಗಬಹುದೋ ಹೆಂಗ?" ಎಂಬುದು ಅವರ ಪ್ರಶ್ನೆ. ಸಹಿಯ ಮೇಲೆ ಇನ್ನೊಂದು ಸಾಲು ಸೇರಿಸಿದ್ದಾರೆ: "ಇತ್ತಿತ್ತಲಾಗ ಏರು ಹತ್ತಿದರ ನನಗ ಎದಿ ಸ್ವಲ್ಪ ಬಿಗದಂಗ ಆಗತದ. ನಿಂತರ ಹೋಗತದ. ಗ್ಯಾಸ್ ಇರಬೇಕು."

ಇಡೀ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಈ ಸಾಲಿನ ಮೇಲೆ. ಆದ್ದರಿಂದ ನೀರು, ಬೂಟು, ಬುತ್ತಿಗಳ ಮಾತನ್ನು ಹಿಂದಕ್ಕಿಟ್ಟು ಇದಕ್ಕೇ ಮೊದಲು ಉತ್ತರಿಸುತ್ತೇನೆ.

ನಿಂತರೆ ಹೋಗುತ್ತದೆ, ಅದಕ್ಕೇ ಅದು ಗ್ಯಾಸ್ ಇರಬೇಕು ಎನ್ನುವುದು ಈ ಓದುಗರ ತರ್ಕ. ವೈದ್ಯರ ತರ್ಕ ಸರಿಯಾಗಿ ಇದರ ತಿರುವು. ಏರುವಾಗ ಬಂದು ನಿಂತಾಗ ಹೋಗುವ ಎದೆಬಿಗಿತವನ್ನು, ಬೇರೆಯೆಂದು ರುಜುವಾತಾಗುವ ತನಕ, ಹೃದಯದ್ದೆಂದೇ ತಿಳಿಯಬೇಕು. ನೀವು ಒಕ್ಕಲಿಗರು, ಕಾಲುವೆಯ ಮಾತಿನಲ್ಲೇ ಹೇಳುತ್ತೇನೆ. ಕಾಲುವೆಯಲ್ಲಿ ಅರ್ಧ ಹೂಳು ತುಂಬಿದ್ದರೂ ತಂಪು ದಿನಗಳಲ್ಲಿ ಬೆಳೆ ಬಾಡುವುದಿಲ್ಲ, ಬರುವಷ್ಟು ನೀರೇ ಸಾಕಾಗುತ್ತದೆ. ಬಿಸಿಲು ಏರಿ ಬೆಳೆ ಹೆಚ್ಚು ನೀರು ಕೇಳಿದಾಗ ಹೂಳಿನ ಗುಟ್ಟು ಬಯಲಾಗುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದಾಗಲೂ ಹೀಗೆಯೇ. ಅಂಗಡಿಯ ಗಲ್ಲೆಯ ಮುಂದೆ ಕುಳಿತಾಗ ಏನೂ ಇಲ್ಲ. ಏರು ಹತ್ತುವಾಗ ಹೃದಯ ಜೋರಾಗಿ ದುಡಿಯಬೇಕು, ಅದಕ್ಕೆ ಹೆಚ್ಚು ರಕ್ತ ಬೇಕು, ಕಿರಿದಾದ ನಾಳ ಕೊಡಲಾರದು. ಎದೆಯ ನಡುವೆ ಬಿಗಿತ, ಭಾರ, ಉರಿ, ಕೆಲವರಿಗೆ ಎಡತೋಳಿಗೋ ದವಡೆಗೋ ಹರಿಯುವ ನೋವು. ನಿಂತೊಡನೆ ಬೇಡಿಕೆ ಇಳಿಯುತ್ತದೆ, ನೋವೂ ಇಳಿಯುತ್ತದೆ.

ಗ್ಯಾಸಿಗೆ ಗುಡ್ಡದ ಏರು ಗೊತ್ತಿರುವುದಿಲ್ಲ. ಅದು ಊಟದ ಮೇಲೆ, ಮಲಗಿದಾಗ, ಬಗ್ಗಿದಾಗ ಬರುತ್ತದೆ.

ನನ್ನಲ್ಲಿಗೆ ಬರುತ್ತಿದ್ದ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರ ಕತೆ ಹೇಳಬೇಕು. ವಯಸ್ಸು 54. ಪ್ರತಿವರ್ಷ ಮನೆದೇವರ ಗುಡ್ಡ ಹತ್ತುವ ಪದ್ಧತಿ. ಎರಡು ವರ್ಷದಿಂದ ಹತ್ತುವಾಗ ಎದೆ ಉರಿಯುತ್ತಿತ್ತಂತೆ. ಸೋಡಾ ಕುಡಿದು, ಮೆಟ್ಟಿಲ ಮೇಲೆ ಹತ್ತು ನಿಮಿಷ ಕುಳಿತು ಮತ್ತೆ ಹತ್ತುತ್ತಿದ್ದರು. ಸೋಡಾದಿಂದಲೇ ಗುಣವಾಯಿತೆಂದು ನಂಬಿದ್ದರು. ಗುಣವಾದದ್ದು ಕುಳಿತದ್ದರಿಂದ! ಮೂರನೆಯ ವರ್ಷ ಕುಳಿತರೂ ಉರಿ ಹೋಗಲಿಲ್ಲ. ಜೊತೆಗಿದ್ದವರು ನಡೆಸಿಕೊಂಡೇ ಕೆಳಗಿಳಿಸಿದರು, ಅದೂ ತಪ್ಪು. ಆಸ್ಪತ್ರೆ ಮುಟ್ಟುವಾಗ ಮೂರು ತಾಸು ಕಳೆದಿತ್ತು. ಜೀವ ಉಳಿಯಿತು. ಹೃದಯದ ಒಂದು ಭಾಗ ಉಳಿಯಲಿಲ್ಲ. ಈಗ ಮನೆಯ ಅಟ್ಟ ಹತ್ತಲೂ ಅವರು ಎರಡು ಕಡೆ ನಿಲ್ಲುತ್ತಾರೆ. ಆ ಎರಡು ವರ್ಷಗಳಲ್ಲಿ ಬಿ.ಪಿ. ತೋರಿಸಲು ಅವರು ನನ್ನೆದುರು ಎಷ್ಟೋ ಸಲ ಕುಳಿತಿದ್ದರು. ಉರಿಯ ಸುದ್ದಿಯನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ನಾನು ನಲವತ್ತು ದಾಟಿದ ಎಲ್ಲರಿಗೂ ಕೇಳುವ ಮೊದಲ ಪ್ರಶ್ನೆ: "ಏರು ಹತ್ತಿದಾಗ ಏನಾಗುತ್ತದೆ?"

ಬೆಟ್ಟದ ಮೇಲೆ ಇನ್ನೊಂದು ಸಮಾಧಾನದ ಮಾತು ಕೇಳಿಬರುತ್ತದೆ: "ಎತ್ತರದಲ್ಲಿ ಗಾಳಿ ತೆಳು, ಅದಕ್ಕೇ ದಮ್ಮು." ಗಾಳಿ ತೆಳುವಾಗಿ ದೇಹಕ್ಕೆ ಕಾಯಿಲೆಯಾಗುವುದು ಸಾಮಾನ್ಯವಾಗಿ 2,500 ಮೀಟರಿನ ಮೇಲೆ. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರು. ಯಾಣವಂತೂ ಅದಕ್ಕಿಂತ ಎಷ್ಟೋ ಕೆಳಗೆ, ಕುಮಟಾ ತಾಲ್ಲೂಕಿನ ಕಾಡಿನಲ್ಲಿದೆ. ನಮ್ಮ ರಾಜ್ಯದ ಯಾವ ಬೆಟ್ಟದ ಮೇಲೆ ಎದೆ ಬಿಗಿದರೂ ತಪ್ಪನ್ನು ಗಾಳಿಯ ಮೇಲೆ ಹೊರಿಸುವಂತಿಲ್ಲ.

ಹೀಗಾಗಿ ಪಾರಿಶ್ವಾಡದ ಓದುಗರು ಈ ವಾರವೇ ವೈದ್ಯರ ಬಳಿ ಹೋಗಿ, ನನಗೆ ಬರೆದ ಆ ಸಾಲನ್ನು ಬರೆದಂತೆಯೇ ಅವರಿಗೆ ಹೇಳಬೇಕು. ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಾಗಿ ಬಂತೆಂದು ಎದ್ದು ಬರಬೇಡಿ. ಅದು ವಿಶ್ರಾಂತಿಯಲ್ಲಿರುವ ಹೃದಯದ ಚಿತ್ರ, ನಿಮ್ಮ ತೊಂದರೆ ದುಡಿಯುವ ಹೃದಯದ್ದು. ವೈದ್ಯರಿಗೆ ಸೂಕ್ತವೆನಿಸಿದರೆ ಓಡುಪಟ್ಟಿಯ ಮೇಲೆ ನಡೆಸುವ ಟಿ.ಎಂ.ಟಿ. ಪರೀಕ್ಷೆ ಮಾಡಿಸುತ್ತಾರೆ. ಈ ಯಂತ್ರ ಒಂದು ಗುಡ್ಡವೇ ಸರಿ. ಸಾಮಾನ್ಯವಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ನೂರು ಅಡಿ ನಡೆದರೆ ಹತ್ತು ಅಡಿ ಏರುವಷ್ಟು ಓರೆಯಿಂದ ಆರಂಭವಾಗಿ, ಪ್ರತಿ ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ಪಕ್ಕದಲ್ಲಿ ವೈದ್ಯರಿರುವಾಗ, ತಂತಿ ಕಟ್ಟಿಸಿಕೊಂಡು, ಯಾವಾಗ ಬೇಕೆಂದರೆ ಆಗ ನಿಲ್ಲಿಸಬಹುದಾದ ಗುಡ್ಡವದು. ಮೊದಲು ಅದನ್ನು ಹತ್ತಿ, ಯಾಣ ಎಲ್ಲಿಗೂ ಹೋಗುವುದಿಲ್ಲ.

ಸೊಕ್ಕಿನ ಅಳತೆ

ಉತ್ತರ ಕನ್ನಡದಲ್ಲಿ ಹಳೆಯ ಗಾದೆಯೊಂದಿದೆ: ರೊಕ್ಕ ಇದ್ದರೆ ಗೋಕರ್ಣ, ಸೊಕ್ಕು ಇದ್ದರೆ ಯಾಣ. ಗೋಕರ್ಣದ ಯಾತ್ರೆಗೆ ಹಣ ಬೇಕು, ಯಾಣಕ್ಕೆ ಮೈಯಲ್ಲಿ ಕಸುವು ಬೇಕು. ದಟ್ಟ ಕಾಡಿನಲ್ಲಿ ಹಾದಿ ಮಾಡಿಕೊಂಡು ನಡೆದೇ ಹೋಗಬೇಕಾಗಿದ್ದ ಕಾಲದ ಮಾತದು. ಸೊಕ್ಕಿಲ್ಲದವರನ್ನು ಆ ದಾರಿಯೇ ಅರ್ಧಕ್ಕೆ ತಿರುಗಿಸಿ ಕಳುಹಿಸುತ್ತಿತ್ತು. ಈಗ ರಸ್ತೆ ಹತ್ತಿರದವರೆಗೆ ಬಂದಿದೆ, ಮುಂದೆ ಮೆಟ್ಟಿಲುಗಳಿವೆ. 'ನಮ್ಮೂರ ಮಂದಾರ ಹೂವೇ' ಚಿತ್ರ ಬಂದ ಮೇಲಂತೂ ಯಾಣ ಮನೆಮಾತಾಯಿತು. ಒಳ್ಳೆಯದೇ ಆಯಿತು. ಆದರೆ ಸೊಕ್ಕು ಅಳೆಯುತ್ತಿದ್ದ ಆ ನಡಿಗೆ ಹೋಯಿತು. ಈಗ ಅಳತೆಯನ್ನು ಮನೆಯಲ್ಲೇ ಮಾಡಿಕೊಂಡು ಹೊರಡಬೇಕು.

ಅಳತೆ ಬಲು ಸರಳ. ಎರಡು ಅಂತಸ್ತಿನ ಮೆಟ್ಟಿಲುಗಳನ್ನು ಸಾಧಾರಣ ವೇಗದಲ್ಲಿ ನಿಲ್ಲದೆ ಹತ್ತಿ. ಮೇಲೆ ಹೋದಾಗ ಒಂದು ಪೂರ್ತಿ ವಾಕ್ಯ ಮಾತನಾಡಲು ಆಗಬೇಕು. ಆಗದಿದ್ದರೆ ಬೆಟ್ಟಕ್ಕೆ ಇನ್ನೂ ಹೊತ್ತಿದೆ. ಆದರೆ ಮುಂದಿನ ಆರು ವಾರ ತಯಾರಿ ಮಾಡಿ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ತಾಸು ಬಿರುಸಾದ ನಡಿಗೆ. ಮಾತನಾಡಬಹುದು, ಹಾಡಲಾಗದು, ಅಷ್ಟು ಬಿರುಸು ಸಾಕು. "ನಾವು ಹೊಲದಾಗ ದುಡಿಯೋ ಮಂದಿ, ನಮಗ್ಯಾಕ ನಡಿಗಿ?" ಎನ್ನಬೇಡಿ. ಸಪಾಟು ಹೊಲದಲ್ಲಿ ಬಗ್ಗಿ ದುಡಿಯುವ ಸ್ನಾಯುಗಳೇ ಬೇರೆ, ಏರು ಹತ್ತಿ ಇಳಿಯುವ ಸ್ನಾಯುಗಳೇ ಬೇರೆ. ವಾರಕ್ಕೊಮ್ಮೆ ಏರು ಸಿಗುವ ಕಡೆ ಹೋಗಿ. ಬೆಳಗಾವಿಯವರಿಗೆ ಯಳ್ಳೂರಿನ ರಾಜಹಂಸಗಡ ಕೈಯಳತೆಯಲ್ಲೇ ಇದೆ. ಬೆನ್ನಿಗೆ ನೀರಿನ ಚೀಲ ಹಾಕಿಕೊಂಡು, ಬೆಟ್ಟಕ್ಕೆ ಹಾಕುವ ಬೂಟುಗಳನ್ನೇ ಮೆಟ್ಟಿಕೊಂಡು ಅದನ್ನು ಮೂರು ನಾಲ್ಕು ಸಲ ಹತ್ತಿ ಇಳಿದವರಿಗೆ ಯಾಣ ಭಾರವೆನಿಸುವುದಿಲ್ಲ. ಎದೆಬಿಗಿತ ಇರುವವರಿಗೆ ಈ ಯಾವ ತಯಾರಿಯೂ ಪರೀಕ್ಷೆಗೆ ಮೊದಲು ಸಲ್ಲದು.

ಸುಣ್ಣಕಲ್ಲಿನ ಗುಣ

ಯಾಣದ ಶಿಖರಗಳನ್ನು ಕಪ್ಪು ಸುಣ್ಣಕಲ್ಲಿನವೆಂದು ಬಣ್ಣಿಸುವುದು ರೂಢಿ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90 ಮೀಟರ್ ನೆಟ್ಟಗೆ ನಿಂತಿವೆ. ಭಸ್ಮಾಸುರ ಇಲ್ಲೇ ಸುಟ್ಟು ಬೂದಿಯಾದ, ಅದಕ್ಕೇ ಸುತ್ತಲಿನ ಮಣ್ಣು ಕಪ್ಪು ಎಂಬುದು ಸ್ಥಳಪುರಾಣ. ಸುಣ್ಣಕಲ್ಲು ಹೆಚ್ಚಾಗಿ ಸಮುದ್ರದ ತಳದಲ್ಲಿ ಹುಟ್ಟುವ ಕಲ್ಲು. ಎವರೆಸ್ಟಿನ ನೆತ್ತಿಯಲ್ಲಿರುವುದೂ ಅದೇ, ಅದರೊಳಗೆ ಸಮುದ್ರಜೀವಿಗಳ ಅವಶೇಷಗಳಿವೆ.

ಕಲ್ಲಿಗೂ ಆರೋಗ್ಯದ ಅಂಕಣಕ್ಕೂ ಏನು ಸಂಬಂಧ ಎನ್ನುವಿರಾ? ಇದೆ. ಮಳೆನೀರು ಬೀಳುವಾಗ ಗಾಳಿಯ ಇಂಗಾಲಾಮ್ಲವನ್ನು ಕರಗಿಸಿಕೊಂಡು ತುಸು ಹುಳಿಯಾಗುತ್ತದೆ. ಈ ಹುಳಿಗೆ ಸುಣ್ಣಕಲ್ಲು ನಿಧಾನವಾಗಿ ಕರಗುತ್ತದೆ. ಸಾವಿರಾರು ವರ್ಷಗಳಲ್ಲಿ ಬಿರುಕು ಸಂದಿಯಾಗುತ್ತದೆ, ಸಂದಿ ಗುಹೆಯಾಗುತ್ತದೆ. ಮೇಲೆ ಬಿದ್ದ ನೀರು ಹಳ್ಳವಾಗಿ ಹರಿಯದೆ ಕಲ್ಲಿನೊಳಗೇ ಇಳಿದುಹೋಗುತ್ತದೆ. ಆದ್ದರಿಂದ ಜಗತ್ತಿನ ಯಾವುದೇ ಸುಣ್ಣಕಲ್ಲಿನ ಬೆಟ್ಟಕ್ಕೆ ಹೋಗುವವರಿಗೂ ಅನುಭವಿಗಳು ಹೇಳುವ ಮೊದಲ ಮಾತು: ನೀರು ದಾರಿಯಲ್ಲಿ ಸಿಗುತ್ತದೆಂದು ನಂಬಬೇಡಿ, ಹೊತ್ತುಕೊಂಡೇ ಹೋಗಿ. ಎಲ್ಲೋ ಸಂದಿಯಿಂದ ಸೋರಿಬರುವ ನೀರು ತಿಳಿಯಾಗಿ ಕಂಡರೂ ಕುಡಿಯಲು ಯೋಗ್ಯವೆಂದಲ್ಲ. ಮಣ್ಣು, ಮರಳಿನ ಪದರದಲ್ಲಿ ನೀರು ಸೋಸುತ್ತದೆ, ಬಿರುಕಿನಲ್ಲಿ ಸೋಸುವುದಿಲ್ಲ. ಮೇಲೆ ಸತ್ತ ಪ್ರಾಣಿಯೋ, ಜನರ ಹೊಲಸೋ ಇದ್ದರೆ ಅದೆಲ್ಲ ನೇರವಾಗಿ ಕೆಳಗೆ ಬರುತ್ತದೆ. ಭೈರವೇಶ್ವರನ ಗುಹೆಯಲ್ಲಿ ಲಿಂಗದ ಮೇಲೆ ಕಲ್ಲಿನಿಂದ ನೀರು ತೊಟ್ಟಿಕ್ಕುವುದನ್ನು ನೋಡಿ ಕೈಮುಗಿಯಿರಿ. ಬಾಟಲಿ ತುಂಬಿಸಿಕೊಳ್ಳುವ ಆಸೆ ಬೇಡ.

ಕರಗಿದ ಕಲ್ಲಿನ ಅಂಚು ಕೆಲವೆಡೆ ಬ್ಲೇಡಿನಂತೆ ಹರಿತ, ಜನ ಕಾಲಿಟ್ಟು ಸವೆಸಿದ ಕಡೆ ಗಾಜಿನಂತೆ ನುಣುಪು. ಒದ್ದೆಯಾಗಿದ್ದರೆ, ಹಾವಸೆಯೂ ಸೇರಿದರೆ, ಹವಾಯಿ ಚಪ್ಪಲಿಯಲ್ಲಿ ಹೋದವರಿಗೆ ದೇವರೇ ಗತಿ. ತಳದಲ್ಲಿ ಆಳವಾದ ಗೀರುಗಳಿರುವ ಬೂಟು ಬೇಕು. ದೀಪಾವಳಿಯ ಹೊತ್ತಿಗೆ ಮಳೆ ನಿಂತಿದ್ದರೂ ಕಲ್ಲು ಪೂರ್ತಿ ಒಣಗಿರುವುದಿಲ್ಲ. ಬಿಸಿಲಿನಿಂದ ಶಿಖರದ ಸಂದಿಗೆ ಕಾಲಿಡುವಾಗ ಒಂದೆರಡು ನಿಮಿಷ ನಿಂತುಬಿಡಿ. ಕಣ್ಣು ಕತ್ತಲಿಗೆ ಹೊಂದಲು ಅಷ್ಟು ಹೊತ್ತು ಬೇಕು, ಐವತ್ತು ದಾಟಿದವರಿಗೆ ಇನ್ನೂ ಹೆಚ್ಚು. ಕಾಲು ಉಳುಕುವುದು ಇಂಥ ಹೊಸ್ತಿಲಲ್ಲೇ. ಇನ್ನು ಶಿಖರದ ನೆತ್ತಿಗೆ ಹತ್ತುವ ಮಾತು: ಕಾಲೇಜಿನ ಮಗನಿಗೆ ಈಗಲೇ ಹೇಳಿಟ್ಟಿರಿ, ಅದು ಹಗ್ಗ, ತರಬೇತಿ, ಅನುಮತಿಗಳಿಲ್ಲದೆ ಮಾಡುವ ಕೆಲಸವಲ್ಲ.

ಒಂದೇ ದಿನದ ಲೆಕ್ಕ

ಈಗ ನಸುಕಿನಲ್ಲಿ ಬಿಟ್ಟು ರಾತ್ರಿ ಮನೆ ಸೇರುವ ವಿಚಾರಕ್ಕೆ ಬರೋಣ. ನನಗೆ ಇದು ಒಪ್ಪಿಗೆಯಿಲ್ಲ. ಪಾರಿಶ್ವಾಡದಿಂದ ಹಳಿಯಾಳ, ಯಲ್ಲಾಪುರ, ಶಿರಸಿ ಹಾದು ಯಾಣಕ್ಕೆ ಒಂದು ದಿಕ್ಕಿಗೇ ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ, ಕೊನೆಯ ಭಾಗ ಘಟ್ಟದ ತಿರುವುಗಳು. ನಾಲ್ಕು ಗಂಟೆಗೆ ಬಿಡಬೇಕೆಂದರೆ ಮೂರಕ್ಕೆ ಏಳಬೇಕು, ಬುತ್ತಿ ಕಟ್ಟುವ ತಾಯಿ ಎರಡಕ್ಕೇ ಏಳಬೇಕು. ನಿದ್ದೆಗೆಟ್ಟು, ಐದು ತಾಸು ಮೈ ಮುದುಡಿ ಕುಳಿತು, ಬಿಸಿಲೇರಿದ ಮೇಲೆ ನಡಿಗೆ ಸುರು. ಸಂಜೆ ದಣಿದ ದೇಹ, ಹೊಟ್ಟೆ ತುಂಬ ಊಟ, ಮತ್ತೆ ಐದು ತಾಸು ಕತ್ತಲಲ್ಲಿ ಗಾಡಿ. ಉಳಿದವರು ನಿದ್ದೆ ಮಾಡುತ್ತಾರೆ, ಚಾಲಕ? ಬೆಟ್ಟದ ಪ್ರವಾಸದಲ್ಲಿ ಎಲ್ಲಕ್ಕಿಂತ ಅಪಾಯದ ಹೊತ್ತು ಬೆಟ್ಟದ ಮೇಲಿನದಲ್ಲ, ಮನೆಗೆ ಮರಳುವ ಈ ರಾತ್ರಿಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಂದಿನ ದಿನ ಮಧ್ಯಾಹ್ನ ಹೊರಟು ಶಿರಸಿಯಲ್ಲಿ ತಂಗಿ. ಖರ್ಚು ಸ್ವಲ್ಪ ಹೆಚ್ಚು. ಬೆಳಿಗ್ಗೆ ಏಳೂವರೆ ಎಂಟಕ್ಕೆಲ್ಲ ನಡಿಗೆ ಆರಂಭಿಸಿದರೆ ಹನ್ನೊಂದಕ್ಕೆ ಕೆಳಗಿರುತ್ತೀರಿ, ಹಗಲಿನಲ್ಲೇ ಊರ ದಾರಿ ಹಿಡಿಯಬಹುದು. ಘಟ್ಟದ ರಸ್ತೆ ತೆರೆದಿದೆಯೇ ಎಂದು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಘಟ್ಟದಲ್ಲಿ ವಾಂತಿಯಾಗುವವರು ನುಂಗುವ ಗುಳಿಗೆ ನಿದ್ದೆ ತರಿಸುತ್ತದೆ, ಚಾಲಕನಿಗೆ ಅದು ಕೂಡದು.

ನಡಿಗೆಯ ಸಮಯ ಲೆಕ್ಕ ಹಾಕಲು ಸ್ಕಾಟ್ಲೆಂಡಿನ ಚಾರಣಿಗ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಪ್ರತಿ 5 ಕಿಲೋಮೀಟರಿಗೆ ಒಂದು ತಾಸು, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಇದು ಗಟ್ಟಿಮುಟ್ಟಾದವರ ಲೆಕ್ಕ, ನಿಲ್ಲುವುದು ಉಣ್ಣುವುದು ಇದರಲ್ಲಿ ಸೇರಿಲ್ಲ. ಮಕ್ಕಳು ಹಿರಿಯರು ಕೂಡಿದ ಕುಟುಂಬ ಇದನ್ನು ದುಪ್ಪಟ್ಟು ಮಾಡಿಕೊಳ್ಳಬೇಕು. ಯಾಣಕ್ಕೆ ಇಷ್ಟು ದೊಡ್ಡ ಲೆಕ್ಕ ಬೇಕಿಲ್ಲ. ಆದರೆ ಮಗ ನಾಳೆ ಸುಬ್ರಹ್ಮಣ್ಯದ ಕುಮಾರ ಪರ್ವತಕ್ಕೆ ಹೊರಡುತ್ತೇನೆ ಎಂದಾನು. ಅದು 1,712 ಮೀಟರ್, ಕುಕ್ಕೆಯಿಂದ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಏರು. ದೂರವನ್ನು ಬಿಟ್ಟು ಬರೀ ಏರಿಗೇ ಎರಡೂವರೆ ತಾಸು! ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಅಂಥ ಕಡೆ ಹತ್ತುವ ಮೊದಲೇ ಮರಳುವ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ನಡುಹಗಲು ಹನ್ನೆರಡು ಎಂದರೆ ಹನ್ನೆರಡು, ತುದಿ ಕಣ್ಣೆದುರಿಗೇ ಇದ್ದರೂ ತಿರುಗಬೇಕು. ನೀವು ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬುದನ್ನು ಊರಲ್ಲಿ ಒಬ್ಬರಿಗೆ ಹೇಳಿಡಿ. ಕಾಡಿನಲ್ಲಿ ಮೊಬೈಲ್ ಇದ್ದರೂ ಸಿಗ್ನಲ್ ಇರುತ್ತದೆಂಬ ಭರವಸೆಯಿಲ್ಲ. 108ಕ್ಕೆ ಕರೆ ಮಾಡಲು ಎಲ್ಲಿಯವರೆಗೆ ಹೋಗಬೇಕಾದೀತು ಎಂಬುದನ್ನು ಹತ್ತುವಾಗಲೇ ನೋಡಿಟ್ಟುಕೊಳ್ಳಿ.

ನೀರು, ಬುತ್ತಿ, ಸಕ್ಕರೆ

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ತಂಪು ನಾಡು. ಘಟ್ಟದ ಕೆಳಗಿನ ಹವೆಯಲ್ಲಿ ತೇವ ಹೆಚ್ಚು. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ತೇವದ ಹವೆಯಲ್ಲಿ ಬೆವರು ಇಳಿಯುತ್ತದೆಯೇ ಹೊರತು ಆರುವುದಿಲ್ಲ. ನೀರೂ ಹೋಯಿತು, ತಂಪೂ ಆಗಲಿಲ್ಲ. ಇಂಥ ಹವೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು, ನಿಮಗಿರುವುದು ಒಂದು ದಿನ. ಆದ್ದರಿಂದ ತಲೆಗೆ ಟೊಪ್ಪಿಗೆ ಅಥವಾ ಪಟಗ, ಸಡಿಲವಾದ ಹತ್ತಿ ಬಟ್ಟೆ, ಅರ್ಧ ತಾಸಿಗೊಮ್ಮೆ ನೆರಳಲ್ಲಿ ನಿಲ್ಲುವುದು.

ನಡೆಯುವ ಪ್ರತಿ ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಇಡೀ ದಿನಕ್ಕೆ ಆಳಿಗೆ ಮೂರು ಲೀಟರ್ ಇಟ್ಟುಕೊಳ್ಳಿ. ಒಮ್ಮೆಲೇ ಸುರಿದುಕೊಳ್ಳದೆ ಗುಟುಕು ಗುಟುಕಾಗಿ ಕುಡಿಯಬೇಕು. ಧಾರಾಳ ಬೆವರಿದಾಗ ಬರಿ ನೀರನ್ನೇ ಬಹಳ ಕುಡಿದರೆ ರಕ್ತದ ಉಪ್ಪಿನಂಶ ತೆಳುವಾಗಿ ತಲೆಸುತ್ತು, ವಾಂತಿ, ಮಂಕು ಕವಿಯುತ್ತವೆ. ಅರ್ಧ ಭಾಗವಾದರೂ ಓ.ಆರ್.ಎಸ್. ಇರಲಿ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಹಾಕಿ. ಉಪ್ಪು ಕೈಯಳತೆಯಲ್ಲಿ ಹಾಕಬೇಡಿ. ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇರುವವರು ತಮಗೆ ಇದು ಎಷ್ಟು ಸಲ್ಲುತ್ತದೆಂದು ಮೊದಲೇ ಕೇಳಿಕೊಳ್ಳಲಿ. ಮೂತ್ರ ಹೆಚ್ಚಿಸುವ ಗುಳಿಗೆ ಬಿ.ಪಿ.ಗೆ ಕೊಟ್ಟಿದ್ದರೆ ಅಂದಿನ ಡೋಸಿನ ಬಗ್ಗೆಯೂ ವೈದ್ಯರನ್ನು ಕೇಳಿ. ಯಾವ ಗುಳಿಗೆಯನ್ನೂ ನೀವೇ ನಿಲ್ಲಿಸುವಂತಿಲ್ಲ.

ಮಾತಿನ ನಡುವೆ ನೋವು, ತಲೆಸುತ್ತು ಬಂದವರು ನಿಲ್ಲಬೇಕು. ಬೆವರು ನಿಂತು ಮೈ ಕಾದು ಮಾತು ತೊದಲಿದರೆ ಅದು ಬಿಸಿಲಾಘಾತ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆ ನೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಿ. ಬೆವರು ಇದ್ದರೂ ಬಿಸಿಲಾಘಾತ ಆಗಬಹುದು, ಎಚ್ಚರ ತಪ್ಪುತ್ತಿರುವುದೇ ಮುಖ್ಯ ಗುರುತು.

ಬುತ್ತಿಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಪಾಠ ಹೇಳಬೇಕಾದದ್ದಿಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕೆಡುವುದಿಲ್ಲ. ನೀರು ಮಾತ್ರ ಹೆಚ್ಚು ಬೇಡುತ್ತವೆ, ಲೆಕ್ಕದಲ್ಲಿರಲಿ. ಹಸಿಕೊಬ್ಬರಿ ಹಾಕಿದ ಚಟ್ನಿ, ನಿನ್ನೆ ರಾತ್ರಿಯ ಅನ್ನ ಗಾಡಿಯ ಬಿಸಿಗೆ ಹಳಸುತ್ತವೆ. ನಡೆಯುವಾಗ ಬಾಯಾಡಿಸಲು ಬೆಲ್ಲ ಶೇಂಗಾ, ಬಾಳೆಹಣ್ಣು. ಹೊಟ್ಟೆ ತುಂಬ ಉಂಡು ಹತ್ತಬೇಡಿ. ಮದ್ಯ ಹೊರಟ ದಿನವೂ ಬೇಡ, ಹಿಂದಿನ ರಾತ್ರಿಯೂ ಬೇಡ.

ಪತ್ರ ಬರೆದವರ ಪತ್ನಿಗೆ ಎರಡು ಮಾತು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ಬೆಟ್ಟ ಹತ್ತಿದರೆ ರಕ್ತದ ಸಕ್ಕರೆ ದಿಢೀರನೆ ಇಳಿಯಬಹುದು, ಆ ರಾತ್ರಿಯೂ ಇಳಿಯಬಹುದು. ಕೈನಡುಕ, ತಣ್ಣನೆ ಬೆವರು, ವಿನಾಕಾರಣ ಸಿಟ್ಟು ಇದರ ಲಕ್ಷಣ. ಮೂರು ನಾಲ್ಕು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ಸೆರಗಿನ ಗಂಟಿನಲ್ಲೇ ಇರಲಿ, ಗಾಡಿಯಲ್ಲಿ ಬಿಟ್ಟ ಚೀಲದಲ್ಲಲ್ಲ. ಎರಡನೆಯದು ಪಾದ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂದವಾಗುತ್ತದೆ. ಹೊಸ ಬೂಟು ಕಚ್ಚಿ ಬೊಬ್ಬೆ ಎದ್ದರೂ ತಿಳಿಯುವುದಿಲ್ಲ. ಹಳೆಯ, ಒಗ್ಗಿದ ಬೂಟು, ಹತ್ತಿಯ ಕಾಲುಚೀಲ, ಸಂಜೆ ದೀಪದ ಬೆಳಕಿನಲ್ಲಿ ಪಾದದ ತಪಾಸಣೆ. ಅವರಿಗೆ ಹೃದಯದ ತೊಂದರೆಯಿದ್ದರೂ ನೋವು ಬಾರದೆ ಬರೀ ದಮ್ಮು, ಬೆವರು, ಅತಿಯಾದ ಸುಸ್ತು ಮಾತ್ರ ಕಾಣಿಸಬಹುದೆಂಬುದನ್ನು ಮನೆಯವರು ಗಮನದಲ್ಲಿಡಬೇಕು.

ಒಂದು ವೇಳೆ ಯಾರಿಗಾದರೂ ಎದೆನೋವು ಬಂದು, ಕುಳಿತ ಮೇಲೂ ಹತ್ತು ನಿಮಿಷದಲ್ಲಿ ಹೋಗದಿದ್ದರೆ, ಅವರನ್ನು ನಡೆಸಬೇಡಿ. ಬೆನ್ನಿಗೆ ಆಸರೆ ಕೊಟ್ಟು ಅರೆಕುಳಿತ ಭಂಗಿಯಲ್ಲಿಡಿ. ಆಸ್ಪಿರಿನ್ ಒಗ್ಗದವರು, ರಕ್ತಸ್ರಾವದ ತೊಂದರೆ ಇರುವವರು ಅಲ್ಲವೆಂದಾದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡಿ. ಹೊತ್ತುಕೊಂಡು ಇಳಿಸಿ, ಮಾಸ್ತರರನ್ನು ಇಳಿಸಿದ ಹಾಗಲ್ಲ.

ಹೆಜ್ಜೇನು, ಉಂಬಳ, ಉಣ್ಣೆ

ಯಾಣದ ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಕಲ್ಲೆಸೆಯುವುದು, ಕೂಗಾಟ, ಹೊಗೆ, ಘಾಟಿನ ಅತ್ತರು ಇವುಗಳಿಗೆ ಆಗಿಬರುವುದಿಲ್ಲ. ಎದ್ದವೆಂದರೆ ಕೈಬೀಸುತ್ತ ನಿಲ್ಲದೆ ಮುಖ ಮುಚ್ಚಿಕೊಂಡು ದೂರ ಓಡಿ. ಚುಚ್ಚಿದ ಮುಳ್ಳನ್ನು ಹೇಗಾದರೂ ಸರಿ, ಬೇಗ ತೆಗೆಯಿರಿ. ಮೈಯೆಲ್ಲ ದದ್ದು, ತುಟಿ ನಾಲಿಗೆ ಊತ, ಉಬ್ಬಸ ಕಂಡರೆ ಅಥವಾ ಹತ್ತಾರು ಕಡೆ ಚುಚ್ಚಿದ್ದರೆ ಮನೆಮದ್ದಿಗೆ ಕೂಡದೆ ಆಸ್ಪತ್ರೆಗೆ ಹೋಗಬೇಕು.

ಉಂಬಳದಿಂದ ಜೀವಭಯವಿಲ್ಲ. ಉಪ್ಪು ಹಾಕಿದರೆ ಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಗಾಯ ಸ್ವಲ್ಪ ಹೊತ್ತು ಒಸರುತ್ತದೆ, ಒತ್ತಿ ಹಿಡಿದರೆ ಸಾಕು.

ಉಣ್ಣೆಯದು ಹಾಗಲ್ಲ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಉತ್ತರ ಕನ್ನಡಕ್ಕೂ ಅದು ಹಳೆಯ ಪರಿಚಯ. ಖಾನಾಪುರಕ್ಕೆ ನೆರೆಯ ಗೋವೆಯ ಸತ್ತರಿಯಲ್ಲಿ 2015ರಲ್ಲಿ, ಸಿಂಧುದುರ್ಗದ ದೋಡಾಮಾರ್ಗದಲ್ಲಿ 2016ರಲ್ಲಿ ಕಾಣಿಸಿಕೊಂಡಿತು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಂಗಾಮು, ಶಿವರಾತ್ರಿಯ ಯಾಣದ ಜಾತ್ರೆ ಇದರ ನಡುವೆಯೇ ಬರುತ್ತದೆ. ಹಳೆಯ ಲಸಿಕೆಯನ್ನು ಈಗ ಕೊಡುತ್ತಿಲ್ಲ. ಪೂರ್ಣತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ತರಗೆಲೆಯ ಮೇಲೆ ಕುಳಿತುಕೊಳ್ಳದಿರುವುದು, ಮರಳಿದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯುವುದು ಇವೇ ರಕ್ಷಣೆ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಸಿಬ್ಬಂದಿಗೆ ತಿಳಿಸಿ. ಬೆಟ್ಟದಿಂದ ಬಂದ ಎರಡು ವಾರದೊಳಗೆ ದಿಢೀರನೆ ಜ್ವರ, ಹಣೆನೋವು, ಮೈಕೈ ನೋವು ಬಂದರೆ "ಕಾಡಿಗೆ ಹೋಗಿದ್ದೆವು" ಎಂದು ವೈದ್ಯರಿಗೆ ಮೊದಲೇ ಹೇಳಿ.

ಇಳಿಯುವುದು ಹತ್ತಿದಷ್ಟು ದಮ್ಮು ತರಿಸುವುದಿಲ್ಲ, ಮೊಣಕಾಲಿಗೆ ಮಾತ್ರ ಅದೇ ಕಷ್ಟ. ಮೆಟ್ಟಿಲಿಳಿಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ದೇಹತೂಕದ ಮೂರು ಪಟ್ಟಿಗೂ ಮಿಕ್ಕಿದ ಭಾರ ಬೀಳುತ್ತದೆ. ಸಣ್ಣ ಹೆಜ್ಜೆ, ಕೈಯಲ್ಲೊಂದು ಬಿದಿರಿನ ಕೋಲು. ಮರುದಿನ ತೊಡೆ ಹಿಡಿದುಕೊಂಡರೆ ಹೆದರಬೇಡಿ, ಮೂರು ದಿನದಲ್ಲಿ ತಾನಾಗಿ ಬಿಡುತ್ತದೆ.

ಕೊನೆಗೆ ಅವ್ವನ ವಿಷಯ. ಅವರನ್ನು ಬಿಟ್ಟು ಹೋಗಬೇಕೆಂದು ನಾನು ಹೇಳುವುದಿಲ್ಲ. ದಿನವೂ ಗುಡಿಗೆ ನಡೆದು ಹೋಗಿಬರುವವರಾದರೆ, ಎದೆನೋವು ದಮ್ಮುಗಳಿಲ್ಲವಾದರೆ, ಕೋಲು ಹಿಡಿದು ಮೊಮ್ಮಗಳ ಕೈ ಹಿಡಿದು ಭೈರವೇಶ್ವರನವರೆಗೆ ನಿಧಾನವಾಗಿ ಹೋಗಬಹುದು. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದು ತಡ, ಕೇಳುವ ತನಕ ಕಾಯದೆ ನೀರು ಕೊಡುತ್ತಿರಿ. ನಡುವೆ ಸಾಕೆನಿಸಿದರೆ ಒಬ್ಬರು ಅವರ ಜೊತೆ ನೆರಳಲ್ಲಿ ಕುಳಿತುಕೊಳ್ಳಬೇಕು, ಯಾರು ಕೂಡ್ರುವುದೆಂದು ಮನೆಯಲ್ಲೇ ಗೊತ್ತುಮಾಡಿಕೊಳ್ಳಿ. ನಿಮ್ಮ ಐವರಲ್ಲಿ ಈಗ ಗುಡ್ಡ ಹತ್ತಬಾರದವರು ಅವರಲ್ಲ, ನೀವು. ನಾಳೆ ಸೋಮವಾರದ ಸಂತೆಯ ನೆಪ ಹೇಳದೆ ಬೆಳಗಾವಿಗೋ ಖಾನಾಪುರಕ್ಕೋ ಹೋಗಿ ತೋರಿಸಿಕೊಳ್ಳಿ, ವೈದ್ಯರು ಏನೆಂದರೆಂದು ನನಗೆ ಇನ್ನೊಂದು ಕಾರ್ಡು ಬರೆಯಿರಿ.